ಸಮಾಜವಾದದ ನೆನಪು ಮತ್ತು ವಸ್ತುಪ್ರದರ್ಶನ: ಗೋರೆಗಾಂವಿನ ನಿದರ್ಶನ

ನಗರವೊಂದರ ಸಮಾಜವಾದೀ ಗತಕಾಲವನ್ನು ವಸ್ತುಸಂಗ್ರಹಾಲಯದಲ್ಲಿ ನಿಲ್ಲಿಸಹೊರಟವರಿಗೆ ಮೊದಲು ಎದುರಾಗುವ ತೊಡಕೆಂದರೆ ವಸ್ತುಗಳ ಅಭಾವ. ಅರಸರು ಖಡ್ಗ ಕಿರೀಟಗಳನ್ನೂ ವರ್ತಕರು ಮಹಲುಗಳನ್ನೂ ಬಿಟ್ಟುಹೋಗುತ್ತಾರೆ. ಚಳವಳಿಗಾರರಿಂದ ಉಳಿಯುವುದು ಕರಪತ್ರ, ಸಭೆಯ ನಡಾವಳಿ, ಮಾಸಿದ ಬಾವುಟ. ಅವರು ಗೆದ್ದುಕೊಟ್ಟದ್ದಾದರೋ ಜನರ ನಿತ್ಯದ ಬಳಕೆಯಲ್ಲಿ ಕರಗಿಹೋಗಿರುತ್ತದೆ. ಈ ತೊಡಕನ್ನು ಗೋರೆಗಾಂವಿನ ನಿದರ್ಶನದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಗೋರೆಗಾಂವ್ ಬೃಹನ್ಮುಂಬಯಿಗೆ ಸೇರಿದ್ದು 1957ರಲ್ಲಿ. ನಗರದ ಹೆಸರು ಬಂದಿತು; ನಗರದ ನೀರು ಅಷ್ಟು ಬೇಗ ಬರಲಿಲ್ಲ. ಅಲ್ಲಿ ಸಮಾಜವಾದೀ ಕಾರ್ಯವನ್ನು ಕಟ್ಟಿದ ಕೇಶವ ಗೋರೆಯವರು 1958ರಲ್ಲಿ ತೀರಿಕೊಂಡರು. ಅವರ ಪತ್ನಿ ಮೃಣಾಲ್ ಗೋರೆಯವರು 1961ರಲ್ಲಿ ಮಹಾನಗರಪಾಲಿಕೆಗೆ ಚುನಾಯಿತರಾಗಿ, ನೀರಿಗಾಗಿ ನಡೆಸಿದ ಹೋರಾಟದಿಂದ ‘ಪಾಣೀವಾಲೀ ಬಾಯಿ’ ಎಂದೇ ಪ್ರಸಿದ್ಧರಾದರು. 1972ರಲ್ಲಿ ಬೆಲೆಯೇರಿಕೆಯ ವಿರುದ್ಧ ಮಹಿಳೆಯರು ಲಟ್ಟಣಿಗೆ ಹಿಡಿದು, ತಟ್ಟೆ ಬಡಿದು ಬೀದಿಗಿಳಿದಾಗ ಸಮಾಜವಾದಿ ಮೃಣಾಲ್ ಮತ್ತು ಕಮ್ಯುನಿಸ್ಟ್ ಅಹಿಲ್ಯಾ ರಾಂಗಣೇಕರ್ ಒಂದೇ ಸಮಿತಿಯ ಮುಂದಾಳುಗಳಾಗಿದ್ದರು. ತುರ್ತುಪರಿಸ್ಥಿತಿಯಲ್ಲಿ ಸೆರೆವಾಸ, 1977ರಲ್ಲಿ ಲೋಕಸಭೆ, ಇವು ಬಳಿಕದ ಸಂಗತಿಗಳು.

ಆ ಲಟ್ಟಣಿಗೆಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೆಳಗೆ ನಾಯಕಿಯ ಹೆಸರು ಬರೆದರೆ ಪ್ರದರ್ಶನವಾಯಿತೇ? ಅದು ಪಾದುಕೆಯ ಪೂಜೆಯಾದೀತು. ಪಕ್ಕದಲ್ಲಿ ಆ ವರ್ಷದ ದಿನಸಿಯ ಬೆಲೆಪಟ್ಟಿ ಇರಬೇಕು. ಒಂದು ಸಂಸಾರದ ತಿಂಗಳ ಲೆಕ್ಕವಿರಬೇಕು. ಎರಡು ಪಕ್ಷಗಳವರು ಒಂದೇ ಚಾಪೆಯಲ್ಲಿ ಕುಳಿತು ಮಾಡಿದ ನಿರ್ಣಯವಿರಬೇಕು. ಬರಿಯ ಕೊಡವನ್ನಿಡುವುದಕ್ಕಿಂತ ನಲ್ಲಿಯ ಅರ್ಜಿ, ಅದಕ್ಕೆ ಬಂದ ಮಾರುತ್ತರ, ಕೊಳವೆ ಯಾವ ಓಣಿಯ ತನಕ ಬಂದು ನಿಂತಿತೆಂಬ ನಕ್ಷೆ ಹೆಚ್ಚು ಮಾತಾಡುತ್ತವೆ. ಬೇಡಿಕೆಯೊಂದು ಹುಟ್ಟಿ ಬೆಳೆದ ಬಗೆಯೇ ಇಲ್ಲಿ ನಿಜವಾದ ಪ್ರದರ್ಶನದ್ರವ್ಯ.

1872ರಲ್ಲಿ ತೆರೆದು, 1975ರಿಂದ ಭಾವು ದಾಜಿ ಲಾಡ್ ಅವರ ಹೆಸರನ್ನು ಹೊತ್ತಿರುವ ಬೈಕಲಾದ ವಸ್ತುಸಂಗ್ರಹಾಲಯದಲ್ಲಿ ಈ ಊರಿನ ಜಾತಿ, ಕಸಬುಗಳ ಮಣ್ಣಿನ ಬೊಂಬೆಗಳಿವೆ. ಕೈಚಳಕ ಮೆಚ್ಚತಕ್ಕದ್ದೇ. ಆದರೆ ಆ ದೃಷ್ಟಿಯಲ್ಲಿ ದುಡಿಯುವವನು ತನ್ನ ಮುಂಡಾಸು ಮತ್ತು ಹತ್ಯಾರಗಳಿಂದ ಗುರುತಿಸಲ್ಪಡುವ ಒಂದು ಮಾದರಿ. ನಾಲ್ವರೊಡನೆ ಸೇರಿ ಕೂಲಿ ಕೇಳುವಾಗ ಅವನು ಆ ಮಾದರಿಯಿಂದ ಹೊರಬೀಳುತ್ತಾನೆ. ಸಮಾಜವಾದದ ಪ್ರದರ್ಶನ ತೋರಿಸಬೇಕಾದುದು ಈ ಕ್ಷಣವನ್ನು.

ಕನ್ನಡಿಗರಾದ ನಮಗೆ ಇದು ಪರರ ಮನೆಯ ಸಂಗತಿಯಲ್ಲ. ಬಂದರು ಕಾರ್ಮಿಕರನ್ನು ಸಂಘಟಿಸಿದ ಪಿ. ಡಿಮೆಲ್ಲೋ, 1967ರಲ್ಲಿ ಎಸ್. ಕೆ. ಪಾಟೀಲರನ್ನು ಸೋಲಿಸಿದ ಜಾರ್ಜ್ ಫರ್ನಾಂಡಿಸ್ ಇಬ್ಬರೂ ಮಂಗಳೂರಿನ ಕಡೆಯವರು. ಈ ಹೆಸರುಗಳನ್ನು ಅಭಿಮಾನದಿಂದ ಹೇಳುತ್ತೇವೆ. ಆದರೆ ಫರ್ನಾಂಡಿಸರು ಸಂಘಟಿಸಿದವರಲ್ಲಿ ಹೋಟೆಲ್ ಕಾರ್ಮಿಕರೂ ಇದ್ದರು. ಗಲ್ಲಾಪೆಟ್ಟಿಗೆಯ ಬಳಿ ಕುಳಿತ ಧಣಿ ನಮ್ಮವನು. ಮೇಜು ಒರೆಸಿ ರಾತ್ರಿಶಾಲೆಗೆ ಓಡಿದ ಮಾಣಿಯೂ ನಮ್ಮವನು. ನಮ್ಮ ಸಂಘಗಳ ಚರಿತ್ರೆ ದಾನಿಗಳ ಭಾವಚಿತ್ರಗಳನ್ನು ಜೋಪಾನವಾಗಿ ಕಾದಿರಿಸಿದೆ. ಮಾಣಿಯ ಸಂಬಳದ ಚೀಟಿ ಎಲ್ಲಿದೆ? ಅದನ್ನು ಹುಡುಕಿ ಕೊಡುವುದು, ವಿವರಣೆ ಕನ್ನಡದಲ್ಲಿಯೂ ಇರಲೆಂದು ಕೇಳುವುದು ನಮ್ಮ ಕರ್ತವ್ಯ. ಧಣಿ-ಮಾಣಿಯರ ನಡುವಿನ ಕಹಿಯನ್ನು ಮರೆಮಾಡದಿರುವುದು ಅದಕ್ಕಿಂತ ಕಠಿನವಾದ ಕರ್ತವ್ಯ.

ಸೋಲಿಗೂ ಅಲ್ಲಿ ಒಂದು ಕೋಣೆ ಬೇಕು. 1976ರ ನಗರಭೂಮಿತಿ ಕಾಯಿದೆಯ ಹೆಚ್ಚುವರಿ ಭೂಮಿ ಸಾಮಾನ್ಯರ ವಸತಿಗೆ ದೊರೆಯಬೇಕೆಂದು ಹೋರಾಡಿದ ನಾಗರಿ ನಿವಾರಾ ಪರಿಷತ್ತು ಗೋರೆಗಾಂವ್ ಪೂರ್ವದಲ್ಲಿ ಸಹಸ್ರಾರು ಮನೆಗಳನ್ನು ಎಬ್ಬಿಸಿತು. ಮನೆಗಳಿವೆ, ಕಾಯಿದೆ ಮಹಾರಾಷ್ಟ್ರದಲ್ಲಿ 2007ರಲ್ಲಿ ರದ್ದಾಯಿತು. ಈ ಎರಡನ್ನೂ ಒಂದೇ ಗೋಡೆಯ ಮೇಲೆ ತೋರಿಸುವ ಧೈರ್ಯ ಯಾವ ಪ್ರದರ್ಶನಕ್ಕಿದೆಯೋ ಅದು ಚರಿತ್ರೆ ಎನಿಸೀತು, ಉಳಿದುದು ಶ್ರಾದ್ಧ.