ನೀರೇ ತೆಗೆದು ಮುಚ್ಚುವ ಬಾಗಿಲು

ಪಣಜಿಯಿಂದ ಮಾಂಡವಿ ಸೇತುವೆ ದಾಟಿ ಗುಡ್ಡ ಹತ್ತಿದರೆ ಪರ್ವರಿ. ಹೆದ್ದಾರಿಯುದ್ದಕ್ಕೂ ಅಂಗಡಿ, ಅಪಾರ್ಟ್‌ಮೆಂಟು. ಎತ್ತರದಲ್ಲಿ ಗೋವೆಯ ವಿಧಾನಸಭೆ. ಇದು ಬೇಸಾಯದ ಸೀಮೆ ಎಂದರೆ ಇಲ್ಲಿ ನಿಂತವರು ನಂಬಲಾರರು. ನಂಬಬೇಕಾದರೆ ಪೂರ್ವದ ಇಳಿಜಾರಿಗೆ ಬರಬೇಕು.

ತೋರ್ಡಾದ ಕವಲುದಾರಿಯಲ್ಲಿ ಮೊದಲು ಸಿಗುವುದು ಹಡಗಿನಾಕಾರದ ಮುರಕಲ್ಲಿನ ಕಟ್ಟಡ. ಗೋವೆಯ ಮನೆಗಳ ಕತೆ ಹೇಳಲೆಂದೇ ವಾಸ್ತುಶಿಲ್ಪಿ ಜೆರಾರ್ಡ್ ಡ ಕುನ್ಹಾ ಕಟ್ಟಿದ 'ಹೌಸಸ್ ಆಫ್ ಗೋವಾ' ಸಂಗ್ರಹಾಲಯ. ಗೋವೆಯ ಹಳೆಯ ಮನೆಗಳ ಕಿಟಕಿಗೆ ಗಾಜಿನ ಬದಲು ಸಮುದ್ರದ ಚಿಪ್ಪು ಕೂರಿಸುತ್ತಿದ್ದರು. ಅದರೊಳಗಿಂದ ಸೋಸಿ ಬರುವ ಬಿಸಿಲಿಗೆ ಹಾಲಿನ ಬಣ್ಣ.

ಇನ್ನೂ ಕೆಳಗಿಳಿದರೆ ಸಾಲ್ವದೋರ್ ದೊ ಮುಂದೊ ಗ್ರಾಮದ ಖಜಾನ್ ಗದ್ದೆಗಳು. ಭರತದ ನೀರಿನ ಮಟ್ಟಕ್ಕಿಂತ ತಗ್ಗಿನ ನೆಲವನ್ನು ಮಣ್ಣಿನ ದಂಡೆ ಕಟ್ಟಿ ಉಪ್ಪುನೀರಿನಿಂದ ಬಿಡಿಸಿಕೊಂಡ ಭೂಮಿ ಇದು. ನನ್ನ ಕಣ್ಣಿಗೆ ಈ ಸೀಮೆಯ ನಿಜವಾದ ಸ್ಮಾರಕ ದಂಡೆಯಲ್ಲಿರುವ ತೂಬು. ಕೊಂಕಣಿಯಲ್ಲಿ ಅದಕ್ಕೆ 'ಮಾನಸ' ಎನ್ನುತ್ತಾರೆ. ಮರದ ಕದ, ಮೈತುಂಬ ಪಾಚಿ, ಸಂದಿಗಳಲ್ಲಿ ಕಚ್ಚಿಕೊಂಡ ಚಿಪ್ಪು. ಭರತ ಏರಿದಾಗ ಹೊರಗಿನ ನೀರೇ ಕದವನ್ನು ಒತ್ತಿ ಮುಚ್ಚುತ್ತದೆ. ಇಳಿತಕ್ಕೆ ಒಳಗಿನ ನೀರು ಅದನ್ನು ತಳ್ಳಿ ಹೊರಗೆ ಹರಿಯುತ್ತದೆ. ಕಾವಲುಗಾರನೂ ಬೇಡ, ಕರೆಂಟೂ ಬೇಡ. ಮಳೆ ಉಪ್ಪನ್ನು ತೊಳೆದ ಮೇಲೆ ಕೊರ್ಗುಟ್ ಭತ್ತ; ಕೊಯ್ಲು ಮುಗಿದರೆ ಅದೇ ಜಾಗದಲ್ಲಿ ಸಿಗಡಿ, ಮೀನು.

ದಂಡೆ ಒಬ್ಬರಿಂದ ಉಳಿಯುವುದಲ್ಲ. ಒಂದು ಕಡೆ ಒಡೆದರೆ ಊರಿನ ಗದ್ದೆಯೆಲ್ಲ ಉಪ್ಪು. ಅದಕ್ಕೇ ಭೂಮಿಯನ್ನು ಒಟ್ಟಾಗಿ ನೋಡಿಕೊಳ್ಳುವ ಗಾಂವ್ಕಾರಿ ಪದ್ಧತಿ ಇಲ್ಲಿ ಬೇರೂರಿತು. ಅದು ಪೋರ್ಚುಗೀಸರು ಬರುವುದಕ್ಕೂ ಮೊದಲಿನದು. ಪೋರ್ಚುಗೀಸ್ ಅಧಿಕಾರಿ ಅಫೊನ್ಸೊ ಮೆಶಿಯಾ ಗೋವೆಯ ಗಾಂವ್ಕಾರರ ರೂಢಿಗಳನ್ನು 1526ರಲ್ಲಿ ಬರೆದಿಟ್ಟ.

ಕುಮಟೆಯವರಿಗೆ ಇದೇನೂ ಹೊಸತಲ್ಲ. ಅಘನಾಶಿನಿಯ ಮಾಣಿಕಟ್ಟದಲ್ಲಿ ಇಂಥದೇ ಭೂಮಿಗೆ ಗಜನಿ ಎನ್ನುತ್ತಾರೆ, ತೂಬಿಗೆ ಜಂತ್ರಡಿ ಎನ್ನುತ್ತಾರೆ, ಉಪ್ಪು ತಾಳುವ ಭತ್ತಕ್ಕೆ ಕಗ್ಗ ಎನ್ನುತ್ತಾರೆ. ಮಾತು ಬೇರೆಯಾದರೂ ನದಿಯೊಂದಿಗೆ ಮಾಡಿಕೊಂಡ ಒಡಂಬಡಿಕೆ ಒಂದೇ.

ಸಂಜೆ ಇಳಿತ ಶುರುವಾಗುವ ಹೊತ್ತಿಗೆ ದಂಡೆಯ ಮೇಲೆ ನಿಲ್ಲಬೇಕು. ಮೊದಲು ಕದದ ಅಂಚಿನಲ್ಲಿ ನೂಲಿನಷ್ಟು ನೀರು. ಆಮೇಲೆ ಮರ ಒಮ್ಮೆ ನರಳುತ್ತದೆ. ಮತ್ತೆ, ಗದ್ದೆಯ ನೀರು ಗುಳುಗುಳು ಎನ್ನುತ್ತ ನದಿಗೆ ಹೊರಡುತ್ತದೆ.