ಶ್ಯಾಮನ ಸುಳ್ಳೂ ತರಗತಿಯ ಓದೂ

ಕನ್ನಡ ಪ್ರಶ್ನೆಪತ್ರಿಕೆಯಲ್ಲಿ ತಲೆಮಾರುಗಳಿಂದ ಉಳಿದುಬಂದಿರುವ ಒಂದು ಪ್ರಶ್ನೆ 'ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ'. ಪಾಠದ ಒಂದು ಮಾತನ್ನು ಎತ್ತಿಕೊಟ್ಟು, ಇದನ್ನು ಯಾರು ಯಾರಿಗೆ ಯಾವಾಗ ಹೇಳಿದರು, ಇದರ ರುಚಿ ಎಲ್ಲಿದೆ ಎಂದು ಅದು ಕೇಳುತ್ತದೆ. ಮಗುವಿಗೆ ಕತೆ ಎಷ್ಟು ದಕ್ಕಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು. ಆದರೆ ಇದಕ್ಕೆ ಬರುವ ಉತ್ತರವನ್ನು ನೋಡಿ. ಮೊದಲು 'ಆಯ್ಕೆ': ಈ ವಾಕ್ಯವನ್ನು ಇಂಥವರು ಬರೆದ ಇಂಥ ಪಾಠದಿಂದ ಆರಿಸಲಾಗಿದೆ. ಆಮೇಲೆ 'ಸಂದರ್ಭ': ಸಾರಾಂಶದ ಎರಡು ಸಾಲು. ಕೊನೆಗೆ 'ಸ್ವಾರಸ್ಯ': ಕೊಟ್ಟ ಮಾತನ್ನೇ ತಿರುಗಿಸಿ ಬರೆದು, ಅದು ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ ಎಂಬ ಮುಕ್ತಾಯ. ಪಾಠ ತೆರೆಯದ ಹುಡುಗ ಗೈಡು ನೋಡಿ ಇದನ್ನು ಬರೆಯಬಲ್ಲ. ಓದಿ ಸವಿದ ಹುಡುಗಿಯೂ ಅಂಕ ಹೋದೀತೆಂದು ಇದನ್ನೇ ಬರೆಯುತ್ತಾಳೆ. ಪ್ರಶ್ನೆಯನ್ನು ಬೈದು ಪ್ರಯೋಜನವಿಲ್ಲ. ಕೆಟ್ಟಿರುವುದು ಅದಕ್ಕೂ ಮುಂಚೆ, ತರಗತಿಯ ಓದಿನಲ್ಲಿ. ಪಾಠ ಶುರುವಾಗುವ ಮೊದಲೇ ಆಶಯ ಹೇಳಿ, ಕತೆ ಮುಗಿಯುವ ಮೊದಲೇ ಸಾರಾಂಶ ಬರೆಸಿದರೆ ಮಕ್ಕಳು ಊಹಿಸಲು ಏನೂ ಉಳಿಯುವುದಿಲ್ಲ. ಸಣ್ಣಕತೆಯನ್ನು ಅರ್ಥಮಾಡಿಕೊಳ್ಳುವ ಕೆಲಸದಲ್ಲಿ ಹೆಚ್ಚಿನ ಪಾಲು ಇಂಥ ಊಹೆಯದೇ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ 'ರಂಗನ ಮದುವೆ'ಯನ್ನು ಎದುರಿಗಿಟ್ಟುಕೊಂಡು ನೋಡೋಣ. ಕನ್ನಡ ಸಣ್ಣಕತೆಯ ಮೊದಲ ದಿನಗಳ ಈ ಕತೆ ಇಂಗ್ಲಿಷಿಗೆ ಹೋಗಿ, ಎನ್‌ಸಿಇಆರ್‌ಟಿಯ 11ನೇ ತರಗತಿಯ ಪೂರಕ ಪಠ್ಯ 'ಸ್ನ್ಯಾಪ್‌ಶಾಟ್ಸ್'ನಲ್ಲಿ ಹಲವು ವರ್ಷ ಪಾಠವಾಗಿತ್ತು. ಬೆಂಗಳೂರಿನಲ್ಲಿ ಇಂಗ್ಲಿಷ್ ಓದಿ ಹೊಸಹಳ್ಳಿಗೆ ಮರಳಿದ ರಂಗ, ಚಿಕ್ಕ ಹುಡುಗಿಯನ್ನು ಮದುವೆಯಾಗುವುದಿಲ್ಲ, ತಾನು ಮೆಚ್ಚಿದವಳನ್ನೇ ಆಗುತ್ತೇನೆ ಎನ್ನುತ್ತಾನೆ. ಕತೆ ಹೇಳುವ ಶ್ಯಾಮನಿಗೆ ಅವನ ಮದುವೆ ಮಾಡಿಸಿಯೇ ತೀರುವ ಹಟ. ರಾಮರಾಯರ ಮನೆಯಲ್ಲಿರುವ ತಬ್ಬಲಿ ಹುಡುಗಿ ರತ್ನಳನ್ನು ಮಜ್ಜಿಗೆಯ ನೆಪದಲ್ಲಿ ತನ್ನ ಮನೆಗೆ ಕರೆಸಿ ಹಾಡಿಸುತ್ತಾನೆ. ಅದೇ ಹೊತ್ತಿಗೆ ರಂಗನಿಗೂ ಹೇಳಿಕಳಿಸಿರುತ್ತಾನೆ. ರಂಗ ಮನಸೋತದ್ದನ್ನು ಕಂಡು, ಅವಳಿಗೆ ಆಗಲೇ ಮದುವೆಯಾಗಿದೆ ಎಂದು ಸುಳ್ಳು ಹೇಳುತ್ತಾನೆ. ಮರುದಿನ ಜ್ಯೋತಿಷಿ ಶಾಸ್ತ್ರಿಗಳಿಗೆ ಮೊದಲೇ ಪಾಠ ಹೇಳಿಕೊಟ್ಟು, ಆಮೇಲೆ ರಂಗನನ್ನು ಅಲ್ಲಿಗೆ ಕರೆದೊಯ್ಯುತ್ತಾನೆ. ಶಾಸ್ತ್ರಿಗಳು ಕವಡೆ ಎಣಿಸಿ, ಸಮುದ್ರದಲ್ಲಿ ಸಿಗುವ ವಸ್ತುವಿನ ಹೆಸರು ಎನ್ನುತ್ತಾ ರತ್ನಳ ಹೆಸರಿನ ಬಳಿಗೆ ಬರುತ್ತಾರೆ. ಓದುಗರಿಗೆ ಎಲ್ಲವೂ ಗೊತ್ತು, ರಂಗನಿಗೆ ಏನೂ ಗೊತ್ತಿಲ್ಲ. ಕತೆಯ ರುಚಿ ಇರುವುದು ಈ ಅಂತರದಲ್ಲಿ. ಆ ಗಳಿಗೆಯಲ್ಲಿ ಯಾರಿಗೆ ಏನು ಗೊತ್ತು ಎಂಬುದನ್ನು ಬಿಡಿಸಿ ಹೇಳಬಲ್ಲ ಮಗುವಿಗೆ ಕತೆ ಅರ್ಥವಾಗಿದೆ. ಹೊಸಹಳ್ಳಿಗೆ ರಂಗ ಎಲ್ಲಿಂದ ಬಂದ ಎಂಬ ಒಂದು ವಾಕ್ಯದ ಪ್ರಶ್ನೆ ಈ ತಿಳಿವಿನ ಹತ್ತಿರಕ್ಕೂ ಹೋಗುವುದಿಲ್ಲ.

ಹಾಗಾದರೆ ತರಗತಿಯಲ್ಲಿ ಮಾಡಬೇಕಾದದ್ದು ಏನು? ಕತೆಯನ್ನು ಎರಡು ಮೂರು ಕಡೆ ನಿಲ್ಲಿಸಬೇಕು. ರತ್ನಳಿಗೆ ಮದುವೆಯಾಗಿದೆ ಎಂದು ಶ್ಯಾಮ ಹೇಳಿದ ಕೂಡಲೇ ಪುಸ್ತಕ ಮುಚ್ಚಿಸಿ, ಮದುವೆ ಮಾಡಿಸಲು ಹೊರಟವನು ಈ ಸುಳ್ಳು ಯಾಕೆ ಹೇಳಿದ ಎಂದು ಕೇಳಬೇಕು. ರಂಗನ ಆಸೆ ಕೆರಳಲಿ ಎಂದೇ? ಅವನ ಮನಸ್ಸು ಎಷ್ಟು ಗಟ್ಟಿ ಎಂದು ನೋಡಲೇ? ಉತ್ತರ ಮುಂದಿನ ಪುಟಗಳಲ್ಲಿದೆ. ಊಹಿಸಿದ ಮಗು ಅದನ್ನು ಹುಡುಕುತ್ತಾ ಓದುತ್ತದೆ. ಇನ್ನೊಂದು ನಿಲುಗಡೆ ಕತೆಯ ಆರಂಭದಲ್ಲೇ ಇದೆ. ಸೌದೆ ಮಾರಲು ಬಂದ ಹೆಂಗಸಿಗೆ ರಾಮರಾಯರ ಮಗ 'ಚೇಂಜ್' ಇಲ್ಲ, ನಾಳೆ ಬಾ ಅನ್ನುತ್ತಾನೆ. ಪಾಪ, ಅವಳಿಗೆ ಆ ಪದ ತಿಳಿಯದೆ ಗೊಣಗುತ್ತಾ ಹೋಗುತ್ತಾಳೆ. ಶ್ಯಾಮನಿಗೂ ತಿಳಿಯದೆ ರಂಗನನ್ನು ಕೇಳಿ ತಿಳಿದುಕೊಳ್ಳುತ್ತಾನೆ. ಕನ್ನಡದಲ್ಲಿ ಓದುವವರಿಗೆ ಆ ಪದ ಕಾಲಿಗೆ ಸಿಕ್ಕ ಕಲ್ಲಿನಂತೆ ತಡೆಯುತ್ತದೆ. ಇಂಗ್ಲಿಷ್ ಅನುವಾದದಲ್ಲಿ ಸುತ್ತಲಿನ ಪದಗಳೂ ಇಂಗ್ಲಿಷೇ ಆದ್ದರಿಂದ ಕಲ್ಲು ಮಣ್ಣಿನಲ್ಲಿ ಬೆರೆತುಹೋಗುತ್ತದೆ. ಆ ಹೆಂಗಸು ದುಡ್ಡಿಲ್ಲದೆ ಹೋದದ್ದು ಯಾರ ತಪ್ಪಿನಿಂದ ಎಂದು ಕೇಳಿದರೆ ಸಾಕು, ಹೊಸ ಭಾಷೆ ಹಳ್ಳಿಗೆ ಹೇಗೆ ಬಂತು, ಅದರಿಂದ ಯಾರು ಹೊರಗುಳಿದರು ಎಂಬುದೆಲ್ಲ ಮಕ್ಕಳ ಬಾಯಲ್ಲೇ ಬರುತ್ತದೆ. ಎನ್‌ಸಿಇಆರ್‌ಟಿ ಪಠ್ಯ ಕೇಳುವುದು ಬೇರೆ: ಭಾರತೀಯ ಜೀವನದ ಮೇಲೆ ಇಂಗ್ಲಿಷಿನ ಪ್ರಭಾವ ಏನು, ಜ್ಯೋತಿಷಿಗಳು ಹೇಳುವುದು ನಕ್ಷತ್ರ ನೋಡಿಯೋ ಅಂತೆಕಂತೆ ಕೇಳಿಯೋ. ವಿಷಯಗಳು ದೊಡ್ಡವೇ. ಆದರೆ ಕತೆಗೆ ಹಿಂತಿರುಗದೆ, ಸಾಮಾನ್ಯ ಜ್ಞಾನದಿಂದಲೇ ಒಂದು ಪುಟ ತುಂಬಿಸಲು ಅವು ಜಾಗ ಬಿಡುತ್ತವೆ. ಕತೆ ಹೇಳುವವನು ಎಂಥ ವ್ಯಕ್ತಿ ಎಂಬ ಪ್ರಶ್ನೆಯೂ ಅಲ್ಲಿದೆ, ಅದೇ ಎಲ್ಲಕ್ಕಿಂತ ಒಳ್ಳೆಯದು. ಅದನ್ನು ಕೊನೆಗೆ ಉಳಿಸದೆ ಓದಿನ ನಡುವೆಯೇ ಕೇಳಬೇಕಿತ್ತು.

ಅಕ್ಷರ ಕೂಡಿಸಿ ಓದಲೇ ಕಷ್ಟಪಡುವ ಮಕ್ಕಳ ಮುಂದೆ ಇದೆಲ್ಲ ದೂರದ ಮಾತಲ್ಲವೇ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. 2022ರ ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಐದನೇ ತರಗತಿಯ ಮಕ್ಕಳಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲವರು ಶೇ 42.8 ಮಾತ್ರ. ಆದರೆ ಅಕ್ಷರ ಬಿಡಿಸುವ ಶಕ್ತಿ ಬೇರೆ, ಮಾತನ್ನು ಗ್ರಹಿಸುವ ಶಕ್ತಿ ಬೇರೆ. ಓದು ಈ ಎರಡರ ಗುಣಲಬ್ಧ ಎಂದು ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ 1986ರಲ್ಲೇ ಹೇಳಿದ್ದಾರೆ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಫಲ ಸೊನ್ನೆ. ಅಂದಮೇಲೆ ಅಕ್ಷರ ಗಟ್ಟಿಯಾಗುವ ತನಕ ಗ್ರಹಿಕೆಯನ್ನು ಕಾಯಿಸುವುದು ತಪ್ಪು ಲೆಕ್ಕ. ಅಜ್ಜಿ ಹೇಳುವ ಕತೆಯಲ್ಲಿ ನರಿಯ ಮೋಸವನ್ನು ಮೊಸಳೆಗಿಂತ ಮೊದಲೇ ಹಿಡಿಯುವ ಮಗುವಿಗೆ ಶ್ಯಾಮನ ಸುಳ್ಳನ್ನು ಹಿಡಿಯುವುದು ಭಾರವಲ್ಲ. ಮೇಷ್ಟ್ರು ಗಟ್ಟಿಯಾಗಿ ಓದಲಿ, ಮಕ್ಕಳು ಕೇಳಿ ಊಹಿಸಲಿ. ಅಕ್ಷರದ ಅಭ್ಯಾಸ ಅದರ ಪಕ್ಕದಲ್ಲೇ ನಡೆಯಲಿ.

ಹೊತ್ತೆಲ್ಲಿದೆ ಎಂಬ ಪ್ರಶ್ನೆಗೆ ಉತ್ತರ ಚಿಕ್ಕದು. ಬೋರ್ಡಿನ ಮೇಲೆ ಸಾರಾಂಶ ಬರೆದು ನಕಲು ಮಾಡಿಸುವ ಪೀರಿಯಡ್ಡನ್ನು ಇದಕ್ಕೆ ಕೊಟ್ಟರಾಯಿತು. ಒಬ್ಬೊಬ್ಬರು ಒಂದೊಂದು ಊಹೆ ಹೇಳಿದರೆ ಅಂಕ ಹಾಕುವುದು ಹೇಗೆ ಎಂಬ ಅಳುಕು ಮಾತ್ರ ನ್ಯಾಯವಾದದ್ದು, ಏಕರೂಪದ ಮೌಲ್ಯಮಾಪನ ಇಲ್ಲದಿದ್ದರೆ ಅನ್ಯಾಯವಾಗುವುದು ಬಡ ಮಕ್ಕಳಿಗೇ. ಇದಕ್ಕೆ ಒಂದು ನಿಯಮ ಇದ್ದರೆ ಸಾಕು: ಊಹೆ ಏನೇ ಇರಲಿ, ಅದಕ್ಕೆ ಆಧಾರವಾದ ಸಾಲನ್ನು ಕತೆಯಲ್ಲಿ ತೋರಿಸಬೇಕು. ರಂಗ ತನ್ನ ಮಗನಿಗೆ ಶ್ಯಾಮ ಎಂದು ಹೆಸರಿಟ್ಟ. ಅವನಿಗೆ ಗೆಳೆಯನ ಹೂಟ ಕೊನೆಗೆ ಗೊತ್ತಾಗಿತ್ತೇ? ಹೌದು ಎನ್ನುವವರೂ ಇಲ್ಲ ಎನ್ನುವವರೂ ಸಾಲು ತೋರಿಸಿದರೆ ಇಬ್ಬರಿಗೂ ಪೂರ್ತಿ ಅಂಕ ಸಲ್ಲಬೇಕು.

ಇನ್ನು, 11 ವರ್ಷದ ಹುಡುಗಿಯ ಮದುವೆಯ ಕತೆಯನ್ನು ಇಂದಿನ ಮಕ್ಕಳಿಗೆ ಓದಿಸುವುದು ಸರಿಯೇ? 1929ರ ಶಾರದಾ ಕಾಯ್ದೆಗೂ ಮುಂಚಿನ ಕಾಲದ ಕತೆ ಅದು. ಈಗ 2006ರ ಕಾಯ್ದೆಯಂತೆ ಹುಡುಗಿಗೆ 18 ತುಂಬಿರಬೇಕು. ಸಮಾಜ ಎಷ್ಟು ಮುಂದೆ ಬಂದಿದೆ ಎಂದು ಪ್ರಬಂಧ ಬರೆಸಿದರೆ ಮಕ್ಕಳು ನಿರಾಳವಾಗಿ ಬರೆದು ಕತೆಯನ್ನು ಮರೆಯುತ್ತಾರೆ. ಅದರ ಬದಲು, ಈ ಮದುವೆಯ ವಿಷಯದಲ್ಲಿ ರತ್ನಳ ಒಪ್ಪಿಗೆಯನ್ನು ಯಾರು, ಯಾವ ಪುಟದಲ್ಲಿ ಕೇಳಿದ್ದಾರೆ ಹುಡುಕಿ ಎನ್ನಬೇಕು. ಮಕ್ಕಳು ಪುಟ ತಿರುವುತ್ತಾರೆ. ಅವಳು ಹಾಡುತ್ತಾಳೆ, ಬಾಗಿಲಲ್ಲಿ ಅಪರಿಚಿತನನ್ನು ಕಂಡು ಹಾಡು ನಿಲ್ಲಿಸುತ್ತಾಳೆ, ತಲೆ ತಗ್ಗಿಸಿ ಒಳಗೆ ಹೋಗುತ್ತಾಳೆ. ಅವಳನ್ನು ಕೇಳಿದ ಸಾಲು ಸಿಗುವುದಿಲ್ಲ. ಇಷ್ಟು ಲವಲವಿಕೆಯಿಂದ, ಇಷ್ಟು ಪ್ರೀತಿಯಿಂದ ಕತೆ ಹೇಳುವ ಶ್ಯಾಮನಿಗೆ ಅದು ಹೊಳೆಯಲೇ ಇಲ್ಲ ಎಂಬುದನ್ನು 16 ವರ್ಷದ ಹುಡುಗಿ ತಾನೇ ಕಂಡುಕೊಂಡರೆ, ಅದು ಯಾವ ಆಶಯಭಾವದ ಟಿಪ್ಪಣಿಗಿಂತಲೂ ಅವಳಲ್ಲಿ ಹೆಚ್ಚು ಕಾಲ ಉಳಿಯುತ್ತದೆ.

ಪಠ್ಯ ಬದಲಾಗಲಿ, ಪ್ರಶ್ನೆಪತ್ರಿಕೆಯ ಮಾದರಿ ಬದಲಾಗಲಿ ಎಂದು ಕಾಯಬೇಕಿಲ್ಲ. ಕತೆಯ ಪಾಠ ಮಾಡುವ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು: ಈ ಸಲ ಒಂದು ಕತೆಯನ್ನಾದರೂ ಆಶಯ ಹೇಳದೆ ಶುರುಮಾಡಿ, ಮಕ್ಕಳು ತಮ್ಮ ಊಹೆಗೆ ಸಾಲು ಹುಡುಕಿ ತೋರಿಸುವ ತನಕ ಸಾರಾಂಶವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ.