ಮುರುಗಲು ಹಾಕಿದರೆ ಮಲೆನಾಡಿನ ಬಿಯರ್ ಆದೀತೆ?

ಬಿಯರಿಗೆ ಮುರುಗಲು, ಜೀರಿಗೆಮೆಣಸು, ದಾಲ್ಚಿನ್ನಿ ಬೆರೆಸಿ ಅದಕ್ಕೊಂದು ಊರಿನ ಹೆಸರಿಡುವ ಹುಮ್ಮಸ್ಸು ಈಗ ಜೋರಾಗಿದೆ. ದೊಡ್ಡ ಊರುಗಳ ಪಬ್‌ಗಳ ಈ ಗೀಳು ಮನೆಯಲ್ಲೇ ಹುದುಗಿಸುವವರ ತಲೆಗೂ ಹತ್ತಿದೆ. ಶಿವಮೊಗ್ಗ, ಭದ್ರಾವತಿ ಕಡೆಯಿಂದ ನೋಡಿದರೆ ಇದರಲ್ಲಿ ಅರ್ಧ ಅಡುಗೆ, ಇನ್ನರ್ಧ ಬರೀ ಲೇಬಲ್ಲು. ಬಾರ್ಲಿ ರಾಜಸ್ಥಾನ, ಹರಿಯಾಣದ ಕಡೆಯದು, ಹಾಪ್ಸ್ ಬಹುತೇಕ ಜರ್ಮನಿ, ಅಮೆರಿಕದ್ದು, ಯೀಸ್ಟ್ ಪೊಟ್ಟಣದ್ದು. ಕೊನೆಗೆ ಉದುರಿಸಿದ ಹಿಡಿ ಮಸಾಲೆಯಷ್ಟೇ ನಮ್ಮದು.

ಮಸಾಲೆ ಹಾಕಬಾರದೆಂದಲ್ಲ, ಹಾಕಿದ್ದಕ್ಕೆ ಅಲ್ಲೊಂದು ಕೆಲಸವಿರಬೇಕು. ಹಾಪ್ಸ್ ಕಹಿ ಕೊಡುತ್ತದೆ, ಜೊತೆಗೆ ಬಿಯರನ್ನು ಹುಳಿಯಾಗಿಸಿ ಕೆಡಿಸುವ ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತದೆ. ಆ ಜಾಗಕ್ಕೆ ನೆಲಬೇವು ತಂದರೆ ಕಹಿಯೇನೋ ಧಾರಾಳ ಸಿಕ್ಕೀತು. ಆದರೆ ಹಾಪ್ಸಿನ ಕಹಿ ಗುಟುಕಿನ ಜೊತೆ ಇಳಿದುಹೋಗುತ್ತದೆ, ನೆಲಬೇವಿನದು ಗಂಟಲಲ್ಲೇ ಕೂತು ಊಟದ ಹೊತ್ತಿಗೂ ಕಾಡುತ್ತದೆ. ಇನ್ನು ಕಾಳುಮೆಣಸು, ಶುಂಠಿ, ಕೊತ್ತಂಬರಿ ಕುದಿಸಿ ಸುರಿದದ್ದು ನೊರೆ ಬರುವ ಕಷಾಯ ಅಷ್ಟೆ. ನೆಗಡಿಯಾದಾಗ ಮನೆಯಲ್ಲಿ ಬಿಸಿಬಿಸಿ ಸಿಗುವುದನ್ನು ತಣ್ಣಗೆ ಯಾಕೆ ಕುಡಿಯಬೇಕೋ!

ಮುರುಗಲಿನ ಮಾತು ಬೇರೆ. ಬೇಸಿಗೆಯಲ್ಲಿ ಹಣ್ಣು ಬಿಡಿಸಿ ಒಣಗಿಸಿದ ಸಿಪ್ಪೆಯನ್ನು ಮಾಲ್ಟ್ ನೀರಿನ ಜೊತೆಗೇ ಕುದಿಸಿದರೆ ಒಗರು ಮುಂದಾಗುತ್ತದೆ. ಹುದುಗುವ ಭರ ಇಳಿದ ಮೇಲೆ ನೆನೆಹಾಕಿದರೆ ಹುಳಿ ನಿಧಾನವಾಗಿ ಬಿಡುತ್ತದೆ, ಕೆನ್ನೇರಳೆ ಬಣ್ಣವೂ ಉಳಿಯುತ್ತದೆ, ಮಾಲ್ಟಿನ ಸಿಹಿಗೆ ಒಂದು ಕಡಿವಾಣ ಬೀಳುತ್ತದೆ. ಪುಣೆಯ ಗ್ರೇಟ್ ಸ್ಟೇಟ್ ಏಲ್‌ವರ್ಕ್ಸ್‌ನವರು ಉಪ್ಪು ಬೆರೆಸಿದ ಮುರುಗಲಿನ (ಕೋಕಂ) ಬಿಯರ್ ಮಾಡಿ ಹೆಸರು ಗಳಿಸಿದ್ದು ಸುಮ್ಮನೆ ಅಲ್ಲ. ಪಾನಕಕ್ಕೆ ಚಿಟಿಕೆ ಉಪ್ಪು ಹಾಕುವ ನಮ್ಮವರಿಗೆ ಆ ಜೋಡಿಯಲ್ಲಿ ಹೊಸತೇನೂ ಕಾಣದು.

ಗಿಡಮೂಲಿಕೆ ಹುದುಗಿಸುವ ನಿಜವಾದ ನಾಟಿ ವಿದ್ಯೆ ನೋಡಬೇಕೆಂದರೆ ಆಯುರ್ವೇದದ ಅಂಗಡಿಗೆ ಹೋಗಿ ದಶಮೂಲಾರಿಷ್ಟದ ಬಾಟಲಿ ಕೇಳಬೇಕು. ಬೇರುಗಳ ಕಷಾಯ ಆರಿಸಿ, ಬೆಲ್ಲ ಕರಗಿಸಿ, ಧಾತಕಿ ಹೂವು ಹಾಕಿ, ಬಾಯಿ ಕಟ್ಟಿ ವಾರಗಟ್ಟಲೆ ಇಡುತ್ತಾರೆ. ಹೊರಗಿನಿಂದ ಸ್ಪಿರಿಟ್ ಸೇರಿಸುವುದಿಲ್ಲ. ಶೇ. 5ರಿಂದ 10ರಷ್ಟು ಆಲ್ಕೋಹಾಲ್ ತಾನಾಗಿ ಹುಟ್ಟಿದ್ದೆಂದು ಲೇಬಲ್ಲೇ ಹೇಳುತ್ತದೆ. ಧಾತಕಿ ಅಲ್ಲಿ ಪರಿಮಳಕ್ಕೆಂದು ಬಂದದ್ದಲ್ಲ; ಹುದುಗು ಹತ್ತಿಸುವುದೇ ಅದರ ಕೆಲಸ. ಹೊಸ ಬಿಯರಿನವರು ಇದನ್ನು ಕಣ್ಣೆತ್ತಿ ನೋಡದಿರುವುದು ನನಗೆ ಅಚ್ಚರಿ.

ಧಾನ್ಯದ ವಿಷಯದಲ್ಲೂ ಅದೇ ಸೋಮಾರಿತನ. ಮಕ್ಕಳಿಗೆಂದು ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹಿಟ್ಟು ಮಾಡುವ ಮನೆಗಳಲ್ಲಿ ಮಾಲ್ಟ್ ಮಾಡುವ ವಿದ್ಯೆ ಆಗಲೇ ಇದೆ. ತೊಡಕಿಲ್ಲವೆಂದಲ್ಲ: ರಾಗಿಯ ಪಿಷ್ಟ ಬೇಯಲು ಬಾರ್ಲಿಗಿಂತ ಹೆಚ್ಚು ಕಾವು ಬೇಕು, ಅಷ್ಟು ಕಾವಿಗೆ ಸಕ್ಕರೆ ಮಾಡುವ ಕಿಣ್ವಗಳು ಸಾಯುತ್ತವೆ. ಮೇಲಾಗಿ ಬಾರ್ಲಿಯ ಹೊಟ್ಟಿನಂತೆ ಸೋಸಲು ನೆರವಾಗುವ ಹೊಟ್ಟು ಇಲ್ಲದೆ ರಾಗಿ ಅಂಬಲಿಯಂತೆ ಕಟ್ಟಿಕೊಳ್ಳುತ್ತದೆ. ಒಂದು ಪಾಲು ಬೇಯಿಸಿ, ಕಾವಿಳಿದ ಮೇಲೆ ಮೊಳಕೆ ಹಿಟ್ಟು ಸೇರಿಸಿದರೆ ದಾರಿಯಿದೆ. ಊರಿನ ಹೆಸರಿಡುವ ಹಕ್ಕು ಈ ಕಷ್ಟ ಪಟ್ಟವರಿಗೆ ಸಲ್ಲಬೇಕು.

ಮನೆಯ ಬಿಯರ್ ಎಂದರೆ ವಿಷ ಎಂಬ ಅಂಜಿಕೆಯೂ ಇದೆ. ವಿಷವಾಗುವ ಮೆಥನಾಲ್ ಭದ್ರಾವತಿಗೆ ಹಳೆಯ ಪರಿಚಯ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ ಇದ್ದಿಲಿಗಾಗಿ ಕಟ್ಟಿಗೆಯನ್ನು ಮುಚ್ಚಿ ಕಾಯಿಸುವಾಗ ಉಪೋತ್ಪನ್ನವಾಗಿ ಸಿಗುತ್ತಿದ್ದುದು ಅದೇ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡದ್ದು ಮೆಥನಾಲ್ ಬೆರೆತ ಕಳ್ಳಭಟ್ಟಿ. ಧಾನ್ಯ ಹುದುಗಿಸಿದಷ್ಟಕ್ಕೆ ಅಂಥ ಅಪಾಯ ಹುಟ್ಟುವುದಿಲ್ಲ. ಬಾಟಲಿ ಸಿಡಿಯುವುದು, ಪಾತ್ರೆ ಕೊಳಕಾಗಿದ್ದು ಎಲ್ಲ ಕೆಡುವುದು ಇಲ್ಲಿನ ತೊಂದರೆ.

ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಕಣ್ಣಿಗೆ ಪರವಾನಗಿಯಿಲ್ಲದೆ ಮಾಡಿದ ಬಿಯರ್ ಅಪರಾಧವೇ. ಬ್ರಿಟನ್ 1963ರಲ್ಲಿ, ಅಮೆರಿಕ 1978ರಲ್ಲಿ ಕಾನೂನು ಸಡಿಲಿಸಿದ ಮೇಲೆ ಅಲ್ಲಿನ ಮನೆ ಬಿಯರ್ ಸ್ಪರ್ಧೆಗೆ ಬಂತು, ತೀರ್ಪುಗಾರರಿಂದ ಬೈಸಿಕೊಂಡು ಸುಧಾರಿಸಿತು. ಇಲ್ಲಿ ಗುಟ್ಟಾಗಿ ಮಾಡಿದ್ದನ್ನು ಗೆಳೆಯರಷ್ಟೇ ಕುಡಿಯುತ್ತಾರೆ, ಬಿಟ್ಟಿ ಸಿಕ್ಕಿದ್ದಕ್ಕೆ ಹೊಗಳುತ್ತಾರೆ. ಹುಳಿತುಹೋದ ಬಾಟಲಿಗೂ ಕಾಡಿನ ರುಚಿ ಎಂಬ ಬಿರುದು ಸಿಗುತ್ತದೆ.